ಗೋಡೆ ಪತ್ರಿಕೆಯಲ್ಲಿ ಸುದ್ದಿಯ ಪರಿಶೀಲನೆ: ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ

ನಮ್ಮ ಶಾಲೆಗಳಿಗೆ ಗೋಡೆ ಪತ್ರಿಕೆ ಹೊಸದಲ್ಲ. ಆದರೆ ಹಲವೆಡೆ ಅದು ಸುಭಾಷಿತ, ಬಣ್ಣದ ಚಿತ್ರ ಮತ್ತು ದಿನಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ತುಣುಕುಗಳಲ್ಲೇ ಮುಗಿದುಹೋಗುತ್ತದೆ. ಐದರಿಂದ ಏಳನೆಯ ತರಗತಿಯ ಮಕ್ಕಳು ತಾವೇ ಸುದ್ದಿ ಹುಡುಕಿ, ವಿಚಾರಿಸಿ ಬರೆಯುವಂತಾದರೆ, ಮನೆಯ ಮೊಬೈಲಿಗೆ ಬರುವ ಸಂದೇಶವನ್ನೂ ಅವರು ಅದೇ ಕಣ್ಣಿನಿಂದ ನೋಡಲು ಕಲಿಯುತ್ತಾರೆ. ಮೊದಲ ಸಂಚಿಕೆಗೆ ಜುಲೈ 1 ಸೂಕ್ತ ದಿನ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂದಿತು.

ಮೊದಲ ಸುದ್ದಿ ಶಾಲೆಯ ಆವರಣದೊಳಗಿನದೇ ಆಗಿರಲಿ, ಏಕೆಂದರೆ ಅದನ್ನು ಮಕ್ಕಳು ಸ್ವತಃ ಹೋಗಿ ನೋಡಬಹುದು. 'ಕುಡಿಯುವ ನೀರಿನ ನಲ್ಲಿ ನಾಲ್ಕು ದಿನಗಳಿಂದ ಕೆಟ್ಟಿದೆ, ಯಾರೂ ದುರಸ್ತಿ ಮಾಡಿಸುತ್ತಿಲ್ಲ' ಎಂದು ವಿದ್ಯಾರ್ಥಿನಿಯೊಬ್ಬಳು ಬರೆದು ತಂದಳು ಎಂದುಕೊಳ್ಳೋಣ. ಪ್ರತಿ ಮಾತಿನ ಪಕ್ಕದಲ್ಲಿ 'ನೋಡಿದ್ದು', 'ಕೇಳಿದ್ದು', 'ಊಹಿಸಿದ್ದು' ಎಂಬ ಮೂರರಲ್ಲಿ ಒಂದನ್ನು ಗುರುತಿಸಲು ಅವಳಿಗೆ ಹೇಳಬೇಕು. ನಲ್ಲಿ ಕೆಟ್ಟಿರುವುದು ನೋಡಿದ್ದು. ನಾಲ್ಕು ದಿನ ಎಂಬುದು ಗೆಳತಿಯಿಂದ ಕೇಳಿದ್ದು. ಯಾರೂ ದುರಸ್ತಿ ಮಾಡಿಸುತ್ತಿಲ್ಲ ಎಂಬುದು ಊಹೆ. ಈಗ ಅವಳು ಬಿಸಿಯೂಟದ ಅಡುಗೆಯವರನ್ನೂ ಮುಖ್ಯ ಶಿಕ್ಷಕರನ್ನೂ ಬೇರೆಬೇರೆಯಾಗಿ ವಿಚಾರಿಸಿ, ಅವರ ಉತ್ತರಗಳನ್ನು ಬರೆದುಕೊಂಡು, ವರದಿಯನ್ನು ಮತ್ತೆ ಬರೆಯಬೇಕು. ಇಬ್ಬರ ಉತ್ತರಗಳು ಹೊಂದದಿದ್ದರೆ ಎರಡನ್ನೂ, ಯಾರು ಏನು ಹೇಳಿದರು ಎಂಬುದರೊಂದಿಗೆ, ಪ್ರಕಟಿಸಬಹುದು. ಈ ಹಂತದಲ್ಲಿ ಶಿಕ್ಷಕರು ಅವಸರಪಟ್ಟು ಸರಿಯುತ್ತರವನ್ನು ತಾವೇ ಹೇಳಿಬಿಡಬಾರದು. ಇಡೀ ಚಟುವಟಿಕೆಯ ಸಾರ ಇರುವುದು ಈ ಓಡಾಟದಲ್ಲಿಯೇ. ಮುಖ್ಯ ಶಿಕ್ಷಕರೂ ಮಕ್ಕಳ ಪ್ರಶ್ನೆಗೆ ಮುನಿಸಿಕೊಳ್ಳದೆ ಉತ್ತರಿಸಬೇಕಾಗುತ್ತದೆ, ಆದ್ದರಿಂದ ಅವರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಇಷ್ಟು ರೂಢಿಯಾದ ಮೇಲೆ ವಾಟ್ಸ್ಆ್ಯಪ್ ಸಂದೇಶಗಳಿಗೆ ಬರಬಹುದು. 'ಜನಗಣಮನ'ವನ್ನು ಯುನೆಸ್ಕೊ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ ಎಂಬ ಸಂದೇಶ ವರ್ಷಗಳಿಂದ ಹರಿದಾಡುತ್ತಿದೆ. ಯುನೆಸ್ಕೊ ಅಂತಹ ಘೋಷಣೆಯನ್ನು ಮಾಡಿಲ್ಲ. ನನಗೆ ಇದು ಅತ್ಯುತ್ತಮ ಉದಾಹರಣೆಯಾಗಿ ಕಾಣುತ್ತದೆ, ಏಕೆಂದರೆ ನಂಬಬೇಕೆಂದು ನಮಗೇ ಆಸೆಯಾಗುವ ಸುದ್ದಿಯನ್ನು ನಾವು ಪರೀಕ್ಷಿಸುವುದು ಕಡಿಮೆ. ಸಂದೇಶದಲ್ಲಿ ದಿನಾಂಕವಿದೆಯೇ, ಘೋಷಿಸಿದವರ ಹೆಸರಿದೆಯೇ, ನಿಜವಾಗಿದ್ದರೆ ಯುನೆಸ್ಕೊದ ಜಾಲತಾಣದಲ್ಲಿ ಇರಬೇಕಿತ್ತಲ್ಲವೇ ಎಂದು ಮಕ್ಕಳೇ ಕೇಳಿಕೊಳ್ಳಲಿ. ಅದರ ಪಕ್ಕದಲ್ಲಿ ದಾಖಲೆಯಿರುವ ಸಂಗತಿಗಳನ್ನು ಇಡಿ: ಆ ಗೀತೆಯನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ, ಅದನ್ನು ರಾಷ್ಟ್ರಗೀತೆಯಾಗಿ ಅಂಗೀಕರಿಸಿದ್ದು 1950ರ ಜನವರಿ 24ರಂದು. ಗೀತೆಯ ಮೇಲಿನ ಗೌರವಕ್ಕೆ ಸುಳ್ಳಿನ ಆಸರೆ ಬೇಕಿಲ್ಲ ಎಂಬುದನ್ನು ಬಿಡಿಸಿ ಹೇಳಿದರೆ ಮಕ್ಕಳಿಗೆ ನೋವಾಗುವುದಿಲ್ಲ.

ಏಳನೆಯ ತರಗತಿಯವರಿಗೆ 2018ರ ಮಕ್ಕಳ ಕಳ್ಳರ ವದಂತಿಯ ಬಗ್ಗೆಯೂ ಹೇಳಬೇಕು. ಆ ವದಂತಿಯನ್ನು ನಂಬಿದ ಗುಂಪುಗಳು ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯಲ್ಲಿಯೂ ನಿರಪರಾಧಿಗಳ ಪ್ರಾಣ ತೆಗೆದವು. ಆದರೆ ಯಾವ ಕಾರಣಕ್ಕೂ ಆ ಘಟನೆಗಳ ವಿಡಿಯೊ ತೋರಿಸಬಾರದು.

ಚಿತ್ರಗಳ ವಿಷಯಕ್ಕೆ ಒಂದು ತರಗತಿ ಸಾಕು. ರಟ್ಟಿನ ಚೌಕಟ್ಟಿನಿಂದ ಒಂದು ಚಿತ್ರದ ಅರ್ಧವನ್ನು ಮುಚ್ಚಿ ಶೀರ್ಷಿಕೆ ಬರೆಸಿ, ಬಳಿಕ ಪೂರ್ತಿ ತೋರಿಸಿ ಮತ್ತೆ ಬರೆಸಬೇಕು. ಸುದ್ದಿಯಂತೆ ಕಾಣುವ ಜಾಹೀರಾತುಗಳನ್ನು ಹುಡುಕಿ ತರುವುದನ್ನು ಮನೆಗೆಲಸವಾಗಿ ಕೊಡಬಹುದು.

ಸಹಪಾಠಿಗಳ ಜಾತಿ, ಅಂಕ, ಮನೆಯ ಕಷ್ಟ, ಕಳ್ಳತನದ ಗುಮಾನಿ ಇವು ನಿಜವಾಗಿದ್ದರೂ ಪತ್ರಿಕೆಗೆ ಬರಕೂಡದು ಎಂಬ ನಿಯಮವನ್ನು ಮೊದಲ ದಿನವೇ ಮಕ್ಕಳೊಂದಿಗೆ ಚರ್ಚಿಸಿ ಬರೆದಿಡಬೇಕು. ಹಾಗೆಯೇ ಪ್ರತಿ ಸಂಚಿಕೆಯ ಮೇಲ್ಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, 'ತಿದ್ದುಪಡಿ'ಗೆ ಜಾಗ ಮೀಸಲಿಟ್ಟು, ಹಿಂದಿನ ಸಂಚಿಕೆಯಲ್ಲಿ ಏನು ತಪ್ಪಾಗಿತ್ತು, ಸರಿಯಾದುದು ಯಾವುದು, ಅದು ಹೇಗೆ ತಿಳಿಯಿತು ಎಂಬುದನ್ನು ಆ ವರದಿ ಬರೆದ ವಿದ್ಯಾರ್ಥಿಯ ಕೈಯಿಂದಲೇ ಬರೆಸಬೇಕು. ತಪ್ಪಿಗಾಗಿ ಅಂಕ ಕಳೆಯಬಾರದು.