ಹಳೇ ಗೇಮ್ ಪೆಟ್ಟಿಗೆಗೆ ಹೊಸ ಬೀಡಿಂಗ್: ಹದಿನಾಲ್ಕು ಮನೆಗೆ ಒಂದೇ ಆರ್ಡರ್

ಗೋಣಿಕೊಪ್ಪಲಿನಲ್ಲಿ ನನ್ನ ಗೆಳೆಯನ ಮನೆಯ ಹಿಂದೆ ಕಾಫಿ ಮೂಟೆ ಇಡುವ ಗೋದಾಮು ಇದೆ. ಅದರ ಮೂಲೆಯಲ್ಲಿ ಆಳೆತ್ತರದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ಹತ್ತಾರು ವರ್ಷ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ನಾಣ್ಯ ಹಾಕಿ, ನಿಂತುಕೊಂಡೇ ಆಡುವಂಥದ್ದು. ಮೈಸೂರಿನಲ್ಲಿ ಒಂದು ಗೇಮ್ ಅಂಗಡಿ ಮುಚ್ಚಿದಾಗ ಅವನ ಅಪ್ಪ ಪಿಕಪ್‌ನಲ್ಲಿ ಹಾಕಿಕೊಂಡು ಬಂದಿದ್ದರಂತೆ. ಚೀಲ ಸರಿಸಿ ನೋಡಿದೆವು. ಪರದೆ ಚೆನ್ನಾಗಿತ್ತು. ಗುಂಡಿ ಒತ್ತಿದರೆ ಈಗಲೂ ಟಿಕ್ ಅನ್ನುತ್ತಿತ್ತು. ಹಾಳಾಗಿದ್ದು ಅಂಚು. ಎರಡೂ ಪಕ್ಕದ ಹಲಗೆಯ ಸುತ್ತ ಇದ್ದ ಪ್ಲಾಸ್ಟಿಕ್ ಪಟ್ಟಿ ಒಣಗಿ, ಬಿರುಕು ಬಿಟ್ಟು, ಅಲ್ಲಲ್ಲಿ ಕಿತ್ತುಬಂದಿತ್ತು. ಪಟ್ಟಿ ಇಲ್ಲದ ಕಡೆ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು.

ಈ ಪಟ್ಟಿಗೆ ನಾವು ಟಿ-ಬೀಡಿಂಗ್ ಅನ್ನುತ್ತೇವೆ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರವೇ. ತಲೆ ಹಲಗೆಯ ಅಂಚನ್ನು ಮುಚ್ಚುತ್ತದೆ. ಕಾಲು ಅಂಚಿನ ನಡುವೆ ಕೊರೆದ ಸೀಳಿನೊಳಗೆ ಹೋಗಿ ಕೂರುತ್ತದೆ. ಕಾಲಿನ ಎರಡೂ ಕಡೆ ಮೀನಿನ ಮುಳ್ಳಿನ ಹಾಗೆ ಸಣ್ಣ ಹಲ್ಲುಗಳಿರುತ್ತವೆ. ಒಳಗೆ ಹೋಗುವಾಗ ಬಾಗುತ್ತವೆ, ಹೊರಗೆ ಎಳೆದರೆ ಕಚ್ಚಿಕೊಳ್ಳುತ್ತವೆ. ಮೊಳೆ ಬೇಡ, ಅಂಟೂ ಬೇಡ. 1980ರಲ್ಲಿ ಬಂದ ಪ್ಯಾಕ್‌ಮ್ಯಾನ್ ಗೇಮಿನ ಕಾಲದ ಅಮೆರಿಕದ ಪೆಟ್ಟಿಗೆಗಳಲ್ಲಿ ಇದು ಮಾಮೂಲಿ ಸಾಮಾನು.

ಪೆಟ್ಟಿಗೆ ರಿಪೇರಿ ಮಾಡುವವರಲ್ಲಿ ಹೆಚ್ಚಿನವರು ಪರದೆ, ಬೋರ್ಡು, ಜಾಯ್‌ಸ್ಟಿಕ್ ಹಿಂದೆ ಓಡುತ್ತಾರೆ. ನನಗೆ ಕೇಳಿದರೆ ಮೊದಲು ಅಂಚು ಮುಚ್ಚಬೇಕು. ನಮ್ಮ ಕೊಡಗಿನ ಮಳೆಯಲ್ಲಿ ತೆರೆದ ಪ್ಲೈವುಡ್ ಅಂಚು ನಾಲ್ಕೈದು ಮಳೆಗಾಲ ತಡೆದರೆ ಹೆಚ್ಚು. ಹಲಗೆ ಹೋದರೆ ಪೆಟ್ಟಿಗೆಯೇ ಹೋದಂತೆ ಅಲ್ವಾ?

ಹೊರದೇಶದಲ್ಲಿ ಈ ಬೀಡಿಂಗ್ ಸುರುಳಿ ಸುರುಳಿಯಾಗಿ ಸಿಗುತ್ತದೆ. ತರಿಸಿದರೆ ಸಾಗಣೆ, ಸುಂಕ ಸೇರಿ ಮಾಲಿಗಿಂತ ಜಾಸ್ತಿ ಬೀಳುತ್ತದೆ. ಅಳತೆಯೂ ಕೂಡುವುದಿಲ್ಲ. ಅಲ್ಲಿನದು ಇಂಚಿನ ಲೆಕ್ಕ: ಮುಕ್ಕಾಲು ಇಂಚು ಅಂದರೆ 19.05 ಎಂಎಂ. ನಮ್ಮಲ್ಲಿ 19 ಎಂಎಂ ಅಂತ ಮಾರುವ ಪ್ಲೈವುಡ್‌ಗೆ ಕ್ಯಾಲಿಪರ್ (ದಪ್ಪವನ್ನು ಕರಾರುವಾಕ್ಕಾಗಿ ಅಳೆಯುವ ಸಾಧನ) ಇಟ್ಟರೆ 18.2 ತೋರಿಸುವುದೂ ಉಂಟು. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಪಿವಿಸಿ ಪಟ್ಟಿ ತೆಗೆಯುವ ಕಾರ್ಖಾನೆಯವರಿಗೆ ಇದನ್ನು ಮಾಡುವುದು ಕಷ್ಟವಲ್ಲ. ಆದರೆ ಒಬ್ಬನ ಹನ್ನೆರಡು ಮೀಟರ್‌ಗಾಗಿ ಅವರು ಮೆಷಿನ್ ಬಿಸಿ ಮಾಡುವುದಿಲ್ಲ. ಆದ್ದರಿಂದ ಜನ ಸೇರಬೇಕು. ನಾವು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಅಂತ ಹುಡುಕಿ, ಮೈಸೂರು ಮಂಗಳೂರಿನವರನ್ನೂ ಸೇರಿಸಿ 14 ಜನ ಆದೆವು. ಎಲ್ಲರದೂ ಸೇರಿ 19 ಪೆಟ್ಟಿಗೆ.

ಮೊದಲು ಅಳತೆ, ಅದೂ ಬೇಸಿಗೆಯಲ್ಲಿ

ಇಲ್ಲಿ ನಾವು ಎಡವಿದೆವು. ಅದನ್ನೇ ಮೊದಲು ಹೇಳುತ್ತೇನೆ. ಉತ್ಸಾಹದಲ್ಲಿ ಜುಲೈ ತಿಂಗಳಲ್ಲಿ ಸೋಮವಾರಪೇಟೆಯ ಒಂದು ಪೆಟ್ಟಿಗೆ ಅಳೆದು, 20.4 ಎಂಎಂ ಅಂತ ಬರೆದು, ಆ ಲೆಕ್ಕಕ್ಕೆ ಡೈ, ಅಂದರೆ ಪಟ್ಟಿಗೆ ಆಕಾರ ಕೊಡುವ ಉಕ್ಕಿನ ಅಚ್ಚು, ಮಾಡಿಸಿದೆವು. ಸ್ಯಾಂಪಲ್ ಬಂತು. ಗೋಣಿಕೊಪ್ಪಲಿನ ಪೆಟ್ಟಿಗೆಗೆ ಹಾಕಿ ನೋಡಿದರೆ ಎರಡೂ ಕಡೆ ಅಂಚಿನಿಂದ ಹೊರಗೆ ಚಾಚಿಕೊಂಡಿದೆ. ಬೆರಳು ಆಡಿಸಿದರೆ ಉಗುರಿಗೆ ತಾಗುತ್ತದೆ. ಆಮೇಲೆ ತಿಳಿಯಿತು, ನಾವು ಅಳೆದಿದ್ದು ಪೆಟ್ಟಿಗೆಯ ಕೆಳಭಾಗ. ನೆಲದ ತೇವ ಕುಡಿದು ಅದು ಉಬ್ಬಿತ್ತು. ಆ ಡೈ ಪೂರ್ತಿ ನಷ್ಟ. ಕೆಲಸಕ್ಕೆ ಬಂದ ಆಚಾರ್ರು ಅದನ್ನು ನೋಡಿ, “ಮಳೆಗಾಲದಲ್ಲಿ ಮರಕ್ಕೆ ಅಳತೆ ಹಿಡಿಯುತ್ತಾರಾ ಮಾರಾಯ್ರೆ?” ಅಂದರು.

ಈಗ ನಮ್ಮ ಕ್ರಮ ಹೀಗಿದೆ. ಮಾರ್ಚ್‌ನಲ್ಲಿ, ಪೆಟ್ಟಿಗೆ ಒಂದೆರಡು ವಾರ ಒಣ ಕೋಣೆಯಲ್ಲಿ ನಿಂತ ಮೇಲೆ ಅಳೆಯಬೇಕು. ಟೇಪು ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಒಂದೇ ಜಾಗ ಅಲ್ಲ, ಪ್ರತಿ ಹಲಗೆಗೆ ಮೇಲೆ, ನಡುವೆ, ಕೆಳಗೆ ಸೇರಿ ಕನಿಷ್ಠ ಆರು ಕಡೆ. ನೆಲದಿಂದ ಒಂದು ಗೇಣು ಬಿಟ್ಟು ಶುರು ಮಾಡಿ. ಹಲಗೆಯ ದಪ್ಪದ ಜೊತೆಗೆ ಸೀಳಿನ ಅಗಲ, ಆಳ ಎರಡೂ ಬೇಕು. ಅಮೆರಿಕದ ಲೆಕ್ಕದಲ್ಲಿ ಸೀಳು ಸಾಮಾನ್ಯವಾಗಿ 1.6 ಎಂಎಂ, ಕೆಲವಕ್ಕೆ 2.4 ಎಂಎಂ. ನಮ್ಮ ಕಡೆ ಗರಗಸದಲ್ಲೇ ಸೀಳಿದ್ದು ಜಾಸ್ತಿ, ಹಾಗಾಗಿ 3 ಎಂಎಂ ಕೂಡ ಸಿಗುತ್ತದೆ. ಸೀಳಿನ ಅಗಲ ನೋಡಲು ಡ್ರಿಲ್ ಬಿಟ್ಟಿನ ಹಿಂದಿನ ತುದಿ ತೂರಿಸಿ. ಯಾವ ನಂಬರ್ ಸಡಿಲವಿಲ್ಲದೆ ಹೋಗುತ್ತದೋ ಅದೇ ಅಗಲ.

ಉದ್ದಕ್ಕೆ ದಾರ ಸಾಕು. ಹಲಗೆಯ ಅಂಚಿನ ಸುತ್ತ, ಬಳುಕುಗಳನ್ನೂ ಬಿಡದೆ ದಾರ ಹಿಡಿದು ಬನ್ನಿ, ಆಮೇಲೆ ದಾರ ಅಳೆಯಿರಿ. ನಮ್ಮ ಗೋಣಿಕೊಪ್ಪಲಿನ ಪೆಟ್ಟಿಗೆಗೆ ಒಂದು ಪಕ್ಕಕ್ಕೆ ಐದೂವರೆ ಮೀಟರ್ ಬಂತು. ಎರಡು ಪಕ್ಕಕ್ಕೆ 11, ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ 12 ಅಂತ ಹಿಡಿದೆವು. ಒಂದು ಪಕ್ಕಕ್ಕೆ ಜೋಡಣೆಯಿಲ್ಲದ ಒಂದೇ ತುಂಡು ಬೇಕು. ಆದ್ದರಿಂದ ಆರ್ಡರ್ ಚೀಟಿಯಲ್ಲಿ “12 ಮೀಟರ್” ಅಂತ ಬರೆಯದೆ “6 ಮೀಟರಿನ ತುಂಡು ಎರಡು” ಅಂತ ಬರೆಯಿರಿ.

ಬಣ್ಣ ಅಡಗಿರುವ ಜಾಗ

ಹಳೇ ಬೀಡಿಂಗ್‌ನ ಮೇಲ್ಮೈ ನೋಡಿ ಬಣ್ಣ ಹೇಳಬೇಡಿ. ಬಿಳಿ ಇದ್ದದ್ದು ಹಳದಿಯಾಗಿರುತ್ತದೆ, ಕೆಂಪು ಇಟ್ಟಿಗೆಯ ಹಾಗೆ ಆಗಿರುತ್ತದೆ. ಒಂದು ತುಂಡನ್ನು ನಿಧಾನಕ್ಕೆ ಕಿತ್ತು ಅದರ ಕಾಲು ನೋಡಿ. ಸೀಳಿನೊಳಗಿದ್ದ ಆ ಭಾಗ ಇಷ್ಟು ವರ್ಷ ಬೆಳಕೇ ಕಂಡಿಲ್ಲ. ನಮ್ಮ ಪೆಟ್ಟಿಗೆಯ ಬೀಡಿಂಗ್ ಕಂದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕಾಲಿನ ಮೇಲಿನ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಟೊಮೆಟೊ ಹಣ್ಣಿನ ಕೆಂಪು ಹೊರಗೆ ಬಂತು. ಆ ಕ್ಷಣಕ್ಕೆ ಯಾರೂ ಮಾತಾಡಲಿಲ್ಲ. ಮೂವತ್ತು ವರ್ಷದ ಹಿಂದೆ ಅಂಗಡಿಯಲ್ಲಿ ನಿಂತಾಗ ಅದು ಹೇಗೆ ಕಾಣುತ್ತಿತ್ತು ಅನ್ನುವುದು ಆ ಒಂದು ಇಂಚಿನಲ್ಲಿತ್ತು.

ಆ ತುಂಡನ್ನು ಹಗಲು ಬೆಳಕಿನಲ್ಲಿ ರಾಲ್ (RAL) ಕಾರ್ಡಿನ, ಅಂದರೆ ಪ್ರತಿ ಬಣ್ಣಕ್ಕೂ ಒಂದು ನಂಬರ್ ಇರುವ ಬಣ್ಣದ ಕಾರ್ಡಿನ, ಪಕ್ಕ ಹಿಡಿದು ನಂಬರ್ ಬರೆದುಕೊಳ್ಳಿ. ಕಪ್ಪಾದರೆ 9005 ಅಂದರೆ ಎಲ್ಲರಿಗೂ ಗೊತ್ತು. ಮೊಬೈಲ್ ಫೋಟೋ ಕಳಿಸಿ “ಇದೇ ಬಣ್ಣ” ಅನ್ನುವುದು ನಂಬಿಕೆಗೆ ಬರುವುದಿಲ್ಲ. ಬಣ್ಣ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರತಿ ಸಲ ಬಣ್ಣ ಬದಲಿಸುವಾಗ ಮೆಷಿನ್‌ನಲ್ಲಿದ್ದ ಹಳೇ ಮಾಲು ಪೂರ್ತಿ ಹೊರಗೆ ಹೋಗಬೇಕು, ಆ ಕಚಡಾದ ದುಡ್ಡೂ ನಮ್ಮದೇ. ನಾವು ಕಪ್ಪು ಮತ್ತು ಕೆಂಪು ಅಂತ ನಿಲ್ಲಿಸಿದೆವು. ಹಳದಿ ಕೇಳಿದ ಇಬ್ಬರು ಬೇಜಾರಾದರು, ಆದರೆ ಉಳಿದರು.

ಕೆ.ಜಿ.ಯನ್ನು ಮೀಟರ್ ಮಾಡುವುದು

ಕಾರ್ಖಾನೆಯವರು ಕೆ.ಜಿ.ಯಲ್ಲಿ ಮಾತಾಡುತ್ತಾರೆ, ನಮಗೆ ಬೇಕಾದದ್ದು ಮೀಟರ್. ಹಳೇ ಬೀಡಿಂಗ್‌ನ ಒಂದು ಮೀಟರ್ ತುಂಡನ್ನು ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ. ನಮ್ಮದು 70 ಗ್ರಾಂ ಬಂತು. ಅಂದರೆ ಒಂದು ಕೆ.ಜಿ.ಗೆ ಸುಮಾರು 14 ಮೀಟರ್. 19 ಪೆಟ್ಟಿಗೆಗೆ 12ರಂತೆ 228 ಮೀಟರ್, ತೂಕದಲ್ಲಿ 16 ಕೆ.ಜಿ. ಅವರು ಕಡಿಮೆ ಅಂದರೆ 25 ಕೆ.ಜಿ. ಅಂದರು. ಹೆಚ್ಚಾದ 9 ಕೆ.ಜಿ.ಯನ್ನು ಏನು ಮಾಡುವುದು ಅನ್ನುವುದನ್ನು ದುಡ್ಡು ಕೇಳುವ ಮೊದಲೇ ತೀರ್ಮಾನ ಮಾಡಿ. ನಾವು ಎಲ್ಲರಿಗೂ ಸಮನಾಗಿ ಹಂಚಿದೆವು. ಕಪಾಟು, ಓದುವ ಮೇಜಿನ ಅಂಚಿಗೂ ಅದು ಒಳ್ಳೆಯದೇ.

ಡೈ ಖರ್ಚು ಬೇರೆ. ಲೆಕ್ಕ ತಿಳಿಯಲಿ ಅಂತ ಒಂದು ಉದಾಹರಣೆ: ಡೈಗೆ 20,000 ರೂಪಾಯಿ ಅಂದುಕೊಳ್ಳಿ. 100 ಮೀಟರ್ ತೆಗೆಸಿದರೆ ಮೀಟರ್‌ಗೆ 200 ರೂಪಾಯಿ ಡೈಗೇ ಹೋಯಿತು. 400 ಮೀಟರ್ ತೆಗೆಸಿದರೆ ಅದೇ 50. ಇನ್ನೂ ಇಬ್ಬರು ಸೇರಲಿ ಅಂತ ಒಂದು ತಿಂಗಳು ಕಾದರೂ ನಷ್ಟವಿಲ್ಲ ಅನ್ನುವುದು ಇದಕ್ಕೇ. ದರ ಕೇಳುವಾಗ ಜಿಎಸ್‌ಟಿ, ಪ್ಯಾಕಿಂಗ್ ಸೇರಿಸಿಯೇ ಕೇಳಿ.

ದುಡ್ಡಿಗೆ ಬೇರೆಯೇ ಒಂದು ಉಳಿತಾಯ ಖಾತೆ ಇರಲಿ, ಮನೆ ಖರ್ಚಿನ ಖಾತೆಯಲ್ಲಿ ಬೆರೆಸಬೇಡಿ. ಯಾರು ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು ಅನ್ನುವುದು ಎಲ್ಲರಿಗೂ ಕಾಣುವ ಒಂದೇ ಹಾಳೆಯಲ್ಲಿರಬೇಕು. ಡೈಗೆ ಮೊದಲ ಕಂತು, ಸ್ಯಾಂಪಲ್ ಒಪ್ಪಿದ ಮೇಲೆ ಎರಡನೇ ಕಂತು. ನಡುವೆ ಬಿಟ್ಟು ಹೋಗುವವರಿಗೆ ಡೈ ಪಾಲು ವಾಪಸಿಲ್ಲ ಅನ್ನುವುದನ್ನು ಮೊದಲ ದಿನವೇ ಬರೆಯಿರಿ. ಕೆಟ್ಟ ಡೈ ನಷ್ಟವನ್ನು ನಾವು 14 ಜನ ಸಮನಾಗಿ ಹೊತ್ತೆವು. ಹಾಳೆ ಎಲ್ಲರ ಕಣ್ಣ ಮುಂದಿದ್ದದ್ದರಿಂದ ಒಂದು ಮಾತೂ ಬರಲಿಲ್ಲ. ಮಾರ್ಚ್ ತಿಂಗಳು ಇದಕ್ಕೂ ಒಳ್ಳೆಯದು. ಕಾಫಿ ಕೊಯ್ಲು ಮುಗಿದಿರುತ್ತದೆ, ತೋಟದವರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ.

ಕಾರ್ಖಾನೆಯಲ್ಲಿ

ಪಿವಿಸಿ ಕಾಳನ್ನು ಮೆಷಿನ್‌ನ ಬಿಸಿ ಕೊಳವೆಯಲ್ಲಿ ಕರಗಿಸಿ, ಡೈನ ತೂತಿನಿಂದ ಒತ್ತಿ, ನೀರಿನ ತೊಟ್ಟಿಯಲ್ಲಿ ತಣ್ಣಗೆ ಮಾಡಿ ಎಳೆಯುತ್ತಾರೆ. ಚಕ್ಕುಲಿ ಒರಳಿನ ಕೆಲಸವೇ, ಆದರೆ ನಿಲ್ಲದೆ ಬರುತ್ತದೆ. ಡೈನಿಂದ ಹೊರಬಿದ್ದ ಕೂಡಲೇ ಪ್ಲಾಸ್ಟಿಕ್ ಉಬ್ಬುತ್ತದೆ, ಎಳೆದಾಗ ಸಣ್ಣಗಾಗುತ್ತದೆ. ಹಾಗಾಗಿ ತೂತಿನ ಅಳತೆಯೂ ಪಟ್ಟಿಯ ಅಳತೆಯೂ ಒಂದೇ ಆಗಿರುವುದಿಲ್ಲ. ಡೈ ಮಾಡುವವರಿಗೆ ಒಂದು ಮಾತು ಹೇಳಿ: ತೂತು ಮೊದಲು ಚಿಕ್ಕದೇ ಇರಲಿ. ಉಕ್ಕನ್ನು ಉಜ್ಜಿ ತೂತು ದೊಡ್ಡದು ಮಾಡಬಹುದು, ದೊಡ್ಡದಾದದ್ದನ್ನು ಚಿಕ್ಕದು ಮಾಡುವುದು ಬಹಳ ಕಷ್ಟ. ನಮ್ಮ ಮೊದಲ ಡೈ ಹೋಗಿದ್ದು ಹೀಗೆಯೇ.

ಮೆತ್ತನೆಯ ಪಿವಿಸಿ ಅಂತ ಸ್ಪಷ್ಟವಾಗಿ ಕೇಳಿ, ಹಳೇ ತುಂಡು ಕೊಟ್ಟು ಬನ್ನಿ. ಆದರೆ ಹಳೇದು ಈಗ ಗಟ್ಟಿಯಾಗಿದೆ ಅನ್ನುವುದು ನೆನಪಿರಲಿ. ಅದರಲ್ಲಿದ್ದ ಎಣ್ಣೆಯಂಥ ಮೆತ್ತು ಪದಾರ್ಥ ವರ್ಷಗಟ್ಟಲೆ ಹೊರಗೆ ಹೋಗಿ ಪಟ್ಟಿ ಒಣಗಿದೆ, ಕುಗ್ಗಿದೆ. ಸ್ಯಾಂಪಲ್ ಬಂದಾಗ ಒಂದು ಮೀಟರ್ ಸಾಕು ಅನ್ನಬೇಡಿ, ಐದು ಮೀಟರ್ ತರಿಸಿ. ಕನಿಷ್ಠ ಮೂರು ಬೇರೆ ಬೇರೆ ಪೆಟ್ಟಿಗೆಯ ಮೇಲೆ, ಮುಖ್ಯವಾಗಿ ಗುಂಡಿಗಳಿರುವ ಕಂಟ್ರೋಲ್ ಪ್ಯಾನಲ್ ಪಕ್ಕದ ಚಿಕ್ಕ ಬಳುಕಿನಲ್ಲಿ ಕೂರಿಸಿ ನೋಡಿ. ಬಳುಕಿನಲ್ಲಿ ತಲೆ ಮಡಚಿ ಬಿಳಿ ಗೆರೆ ಬಿದ್ದರೆ ಮಾಲು ಇನ್ನೂ ಮೆತ್ತಗಾಗಬೇಕು. ಆ ಮೂರು ಪೆಟ್ಟಿಗೆಯವರೂ “ಸರಿ” ಅಂತ ಬರೆದುಕೊಟ್ಟ ಮೇಲೆಯೇ ಪೂರ್ತಿ ಆರ್ಡರ್.

ಕಣದ ಮೇಲೆ ಹಂಚಿಕೆ

ಕೊಡಗಿಗೆ ರೈಲಿಲ್ಲ. ನಾವು ಕೆಎಸ್ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯಲ್ಲಿ ಕುಶಾಲನಗರಕ್ಕೆ ತರಿಸಿ, ಅಲ್ಲಿಂದ ಕಾರಿನಲ್ಲಿ ತಂದೆವು. ಸುರುಳಿ ಅಗಲವಾಗಿ ಸುತ್ತಲು ಹೇಳಿ, ಮೇಲೆ ಭಾರ ಇಡದಂತೆ ನೋಡಿಕೊಳ್ಳಿ. ಒಮ್ಮೆ ಮಡಚಿದ ಗುರುತು ಹೋಗುವುದೇ ಇಲ್ಲ.

ಕತ್ತರಿಸಲು ಗೆಳೆಯನ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ. ಏಪ್ರಿಲ್ ತಿಂಗಳು, ಕಣ ಖಾಲಿ. ಗುಡಿಸಿ, ಸೀಮೆಸುಣ್ಣದಲ್ಲಿ 6 ಮೀಟರ್‌ಗೆ ಎರಡು ಗೆರೆ ಎಳೆದೆವು. ಸುರುಳಿಯಿಂದ ಬಂದ ಪಟ್ಟಿ ಹಾವಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಅರ್ಧ ಗಂಟೆ ಬಿಸಿಲಿಗೆ ಬಿಟ್ಟ ಮೇಲೆ ಮೆಲ್ಲಗೆ ಸಡಿಲವಾಗಿ ನೆಲಕ್ಕೆ ಮಲಗಿತು. ಆಗಲೇ ಕತ್ತರಿ ಹಾಕಬಾರದು. ಬಿಸಿಯಾದ ಪಿವಿಸಿ ಉದ್ದವಾಗಿರುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ನೆರಳಿಗೆ ಎಳೆದು, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಕತ್ತರಿಸಿದೆವು. ಪ್ರತಿ ತುಂಡಿಗೂ ಹೆಸರಿನ ಚೀಟಿ.

ಕೂರಿಸುವುದು

ಪೆಟ್ಟಿಗೆಯಲ್ಲಿ ಹಳೇ ಚಿತ್ರಕೊಳವೆಯ ಪರದೆ ಇದ್ದರೆ ಮೊದಲು ಪ್ಲಗ್ ಕಿತ್ತು ಬಿಡಿ. ಒಳಗೆ ಕೈ ಹಾಕಬೇಡಿ, ಬಣ್ಣದ ಕೊಳವೆಯಲ್ಲಿ 20,000 ವೋಲ್ಟ್ ಮೀರಿಯೂ ವಿದ್ಯುತ್ ಇರಬಹುದು, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸೀಳಿನಲ್ಲಿರುವ ಮುರಿದ ತುಣುಕುಗಳನ್ನು ಸಣ್ಣ ಉಳಿಯಲ್ಲಿ ಕೆದಕಿ ತೆಗೆಯಿರಿ. ಕೆಳಗೆ, ಯಾರಿಗೂ ಕಾಣದ ಹಿಂದಿನ ಮೂಲೆಯಿಂದ ಶುರು ಮಾಡಿ. ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ, ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿ ಕೂರಿಸಿದ್ದು ಚಳಿಗಾಲದಲ್ಲಿ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ. ಚಿಕ್ಕ ಬಳುಕು ಬಂದಾಗ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಕಾಲಿನಲ್ಲಿ ಅಲ್ಲಲ್ಲಿ ‘ವಿ’ ಆಕಾರದ ಕಚ್ಚು ಹಾಕಿ. ತಲೆಗೆ ಮಾತ್ರ ಕತ್ತರಿ ತಾಗಬಾರದು. ಸೀಳು ಸಡಿಲವಿದ್ದ ಕಡೆ ಪಿವಿಸಿಗೂ ಮರಕ್ಕೂ ಹಿಡಿಯುವ ಅಂಟನ್ನು ತೆಳುವಾಗಿ ಹಚ್ಚಿದರೆ ಸಾಕು.

ಇನ್ನು ಡೈ. ದುಡ್ಡು ಕೊಟ್ಟದ್ದು ನೀವು, ಆದ್ದರಿಂದ ಡೈ ನಿಮ್ಮದು ಅಂತ ಬಿಲ್ಲಿನಲ್ಲೇ ಬರೆಸಿ. ನಮ್ಮ ಎರಡನೇ ಡೈಗೆ ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ, ಮೈಸೂರಿನ ಗೆಳೆಯನ ಮನೆಯಲ್ಲಿ ಇಟ್ಟಿದ್ದೇವೆ. ಇಲ್ಲಿ ಇಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಚೀಟಿ ಕಟ್ಟಿ, ಹಲಗೆಯ ದಪ್ಪ, ಸೀಳಿನ ಅಗಲ, ಅಳೆದ ತಿಂಗಳು ಬರೆದಿದ್ದೇವೆ. ಹಳದಿ ಕೇಳಿದ ಆ ಇಬ್ಬರು ಈಗ ಇನ್ನೂ ಆರು ಜನರನ್ನು ಹುಡುಕುತ್ತಿದ್ದಾರೆ.