ವೆಲ್ಡಿಂಗ್ ಇಲ್ಲದೆ ಹಳೇ ವಾಷಿಂಗ್ ಮಷಿನ್ ಬುಡ ಕಟ್ಟಿದ್ದು: ನನ್ನ ಅನುಭವ

"ತಗಡು ಪೂರಾ ಜಂಗ್ ತಿಂದದ. ವೆಲ್ಡಿಂಗ್ ಇಲ್ಲಂದ್ರ ಡ್ರೈಯರ್ ತಿರುಗಿದ ಮೊದಲನೇ ದಿನಾನೇ ಉದುರ್ತದ ನೋಡ್ರಿ" ಅಂತ ರಾಯಚೂರಿನಲ್ಲಿ ಇಬ್ಬರು ಡೆಂಟರ್ (ಗಾಡಿ ಬಾಡಿಯ ತಗಡು ಸರಿಮಾಡುವವರು), ಒಬ್ಬ ವೆಲ್ಡರ್ ಒಂದೇ ಮಾತು ಹೇಳಿದ್ದರು. ವೆಲ್ಡಿಂಗ್ ಬಿಟ್ಟು ಅಂಟಿನಿಂದ ತೇಪೆ ಹಾಕಿದ ಆ ಮಷಿನ್ ಎರಡು ಮಳೆಗಾಲ ದಾಟಿದೆ. ವಾರಕ್ಕೆ ಮೂರು ಸಲ ಓಡುತ್ತದೆ, ತಗಡು ಕೂತಲ್ಲೇ ಕೂತಿದೆ. ಹೀಗಾಗಿ ಈಗ ಬರೆಯಲು ಅಡ್ಡಿಯಿಲ್ಲ.

ಮಷಿನ್ ತೊಂಬತ್ತರ ದಶಕದ ಸೆಮಿ ಆಟೋಮ್ಯಾಟಿಕ್. ತಗಡಿನ ಬಾಡಿ, ಪ್ಲಾಸ್ಟಿಕ್ ಟಬ್, ಪ್ಲಾಸ್ಟಿಕ್ ಬೇಸ್. ಗುಜರಿಯಲ್ಲಿ 1,200 ರೂಪಾಯಿ. ಎರಡೂ ಮೋಟಾರ್ ತಾಮ್ರದ ವೈಂಡಿಂಗ್, ಎರಡೂ ಜೀವಂತ. ಹಿಂಬದಿಯ ಎಡಮೂಲೆಯಲ್ಲಿ ಬುಡದಿಂದ ನಾಲ್ಕು ಇಂಚು ಎತ್ತರಕ್ಕೆ ತಗಡೇ ಇರಲಿಲ್ಲ, ಬರೀ ಪೇಂಟ್ ನಿಂತಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಅದರ ಮೇಲಿನ ಎರಡು ಇಂಚಿನಲ್ಲಿ ದಪ್ಪ ಅಳೆಯುವ ಗೇಜ್ ಹಾಕಿದರೆ 0.3, 0.4 ಎಂಎಂ. ಹೊಸದಿದ್ದಾಗ 0.7ರ ಆಸುಪಾಸು ಇದ್ದಿರಬೇಕು.

ತುಕ್ಕಿಗೆ ಎಲ್ಲರೂ ಬೋರ್ ನೀರನ್ನೇ ಬೈಯುತ್ತಾರೆ. ಉಪ್ಪಿನ ನೀರು ಹೌದು, ಆದರೆ ಬುಡ ತಿಂದದ್ದು ಬಾತ್‌ರೂಮ್ ತೊಳೆಯುವ ಆಸಿಡ್. ಅದರ ಹೊಗೆ ಮಷಿನ್ ಅಡಿಗೆ ನುಗ್ಗಿ ತಣ್ಣನೆಯ ತಗಡಿನ ಮೇಲೆ ಕೂರುತ್ತದೆ. ಜೊತೆಗೆ ಬಾಡಿಯ ಕೆಳಅಂಚನ್ನು ಒಳಗೆ ಮಡಚಿ ಒತ್ತಿರುತ್ತಾರಲ್ಲ, ಆ ಮಡಿಕೆ ನೀರು ಹಿಡಿದಿಡುವ ಕಾಲುವೆ. ಡ್ರೈಯರ್ ಸೀಲ್ (ಶಾಫ್ಟ್ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಸೋರಿದ ನೀರು ಒಳಗಿನಿಂದ ಇಳಿದು ಅಲ್ಲಿ ನಿಲ್ಲುತ್ತದೆ, ಹೊರಗಿನ ಆಸಿಡ್ ಬಂದು ಸೇರುತ್ತದೆ. ಹೊರಗೆ ಪೇಂಟ್ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ಕಥೆ ಮುಗಿದಿರುತ್ತದೆ.

ಈ ಮಷಿನ್‌ಗೂ ಮುಂಚೆ ಇದೇ ಥರದ ಎರಡು ಬಾಡಿ ಕೆಡಿಸಿದ್ದೇನೆ. ಮೊದಲನೆಯದಕ್ಕೆ ಆರ್ಕ್ ವೆಲ್ಡಿಂಗ್. ಎರಡು ಎಂಎಂ ರಾಡ್, ಕಡಿಮೆ ಆಂಪಿಯರ್, ಚುಕ್ಕಿ ಚುಕ್ಕಿ ಇಟ್ಟರೂ ತೂತು ಮುಚ್ಚಿದ ಪಕ್ಕದಲ್ಲೇ ಇನ್ನೊಂದು ತೂತು. 0.4 ಎಂಎಂ ತಗಡು ಅಷ್ಟು ಬಿಸಿ ತಡೆಯುವುದಿಲ್ಲ. ತೂತಿಗಿಂತ ದೊಡ್ಡ ನಷ್ಟ ಬೇರೆ ಇದೆ: ಬೆಸುಗೆಯ ಬೆನ್ನಿಗೆ ಒಳಗಿನ ಪೇಂಟ್ ಸುಟ್ಟುಹೋಗುತ್ತದೆ, ಅಲ್ಲಿಗೆ ಬ್ರಶ್ ಹೋಗುವುದಿಲ್ಲ. ಐದೇ ತಿಂಗಳಿಗೆ ಬೆಸುಗೆಯ ಗುಂಟ ಕಂದು ಗೆರೆ ಬಂತು. ವೆಲ್ಡರ್‌ಗೆ 900, ಪೇಂಟ್‌ಗೆ 700, ಎರಡೂ ನೀರಿಗೆ.

ಎರಡನೆಯದಕ್ಕೆ ಬಾತ್‌ರೂಮ್ ಆಸಿಡ್ಡಿನಿಂದಲೇ ತುಕ್ಕು ತೆಗೆದೆ. ಐದು ನಿಮಿಷಕ್ಕೆ ಬೆಳ್ಳಿಯಂತೆ ಹೊಳೆಯಿತು. ಬೆಳಗಾಗುವಷ್ಟರಲ್ಲಿ ಅರಿಶಿನ ಬಣ್ಣ. ಮತ್ತೆ ತಿಕ್ಕಿ ಪೇಂಟ್ ಹೊಡೆದರೆ ಎರಡು ತಿಂಗಳಿಗೆ ಸಾಸಿವೆಯಷ್ಟು ಗುಳ್ಳೆಗಳು. ಆ ಆಸಿಡ್ಡಿನ ಕ್ಲೋರೈಡ್ (ಉಪ್ಪಿನಂಶ) ತಗಡಿನ ಸಣ್ಣ ಗುಂಡಿಗಳಲ್ಲಿ ಕೂತುಬಿಟ್ಟರೆ ಮೇಲೆ ಯಾವ ಪೇಂಟ್ ಹೊಡೆದರೂ ಅಡಿಯಲ್ಲಿ ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ಅದೇ ಬಾಡಿಗೆ ತೇಪೆಯನ್ನು ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಿಂದ ಅಂಟಿಸಿದ್ದೆ. ಒಣಗಿದ್ದಾಗ ಕಲ್ಲು, ನೀರು ಕುಡಿದ ಮೇಲೆ ಅಂಚಿನಿಂದ ಸಿಪ್ಪೆಯ ಹಾಗೆ ಎದ್ದಿತು.

ಮೂರನೆಯದರಲ್ಲಿ ಯೋಚನೆಯನ್ನೇ ತಿರುವಿದೆ. ತೇಪೆಯನ್ನು ಎಲ್ಲರೂ ಒಳಗಿನಿಂದ ಇಡುತ್ತಾರೆ, ಹೊರಗೆ ಚೆಂದ ಕಾಣಲಿ ಅಂತ. ಹಾಗಿಟ್ಟರೆ ತೇಪೆಯ ಮೇಲಂಚು ಒಳಗಡೆ ಒಂದು ಸಣ್ಣ ಕಟ್ಟೆಯಾಗುತ್ತದೆ. ಒಳಗೆ ಇಳಿಯುವ ನೀರು ಅದರ ಮೇಲೆ ನಿಂತು ಜೋಡಣೆಯೊಳಗೆ ಇಳಿಯುತ್ತದೆ. ಮನೆಗೆ ಹಂಚು ಹೊದಿಸುವಾಗ ಮೇಲಿನ ಹಂಚು ಕೆಳಗಿನದರ ಮೇಲೆ ಬರಬೇಕು ತಾನೇ? ಇಲ್ಲಿ ನೀರು ಹರಿಯುವುದು ಒಳಮೈಯಲ್ಲಿ. ಹಾಗಾದರೆ ಹಳೇ ತಗಡು ಒಳಗೆ, ತೇಪೆ ಹೊರಗೆ ಇರಬೇಕು. ಹೊರಗಿನ ಸಂದಿಯನ್ನು ಪುಟ್ಟಿ ಪೇಂಟ್‌ನಿಂದ ಮುಚ್ಚಬಹುದು, ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಒಳಗಿನದು ಕಾಣುವುದೂ ಇಲ್ಲ, ಕೈಗೆ ಸಿಗುವುದೂ ಇಲ್ಲ. ಡೆಂಟರ್‌ಗಳು ನಕ್ಕಿದ್ದು ಇದಕ್ಕೇ.

ಕೆಲಸ ಹೀಗೆ. ಪ್ಲಗ್ ಕಿತ್ತು, ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಖಾಲಿ ಮಾಡಿ, ಮೋಟಾರ್, ಟಬ್, ಬೇಸ್ ಎಲ್ಲ ಬೇರೆ ಮಾಡಿ. ಬರೀ ತಗಡಿನ ಡಬ್ಬ ಉಳಿಯಬೇಕು. ಕೊಳೆತದ್ದನ್ನು ಕತ್ತರಿಸುವಾಗ ಜಿಪುಣತನ ಬೇಡ. ತೂತಿನ ಅಂಚಿನಿಂದ ಮೇಲೆ, 0.5 ಎಂಎಂ ಸಿಗುವವರೆಗೂ ಹೋದೆ. ಗ್ರೈಂಡರ್ ಬೇಡ, ಅದರ ಬಿಸಿಗೆ ಅಂಚು ನೀಲಿಯಾಗುತ್ತದೆ, ಕಿಡಿ ಒಳಗಿನ ಒಳ್ಳೆ ಪೇಂಟ್‌ಗೆ ಅಂಟಿ ಅಲ್ಲೇ ತುಕ್ಕು ಹಿಡಿಯುತ್ತದೆ. ತಗಡು ಕತ್ತರಿ ಸಾಕು.

ತೇಪೆಗೆ 0.8 ಎಂಎಂ ಜಿಐ ತಗಡು (ಸತುವಿನ ಲೇಪ ಇರುವುದು). ಕೂಲರ್ ಬಾಡಿ ಮಾಡುವವರ ಹತ್ತಿರ ತುಂಡು ಸಿಗುತ್ತದೆ, ಮಡಚುವ ಮಷಿನ್ ಕೂಡ ಅವರಲ್ಲೇ ಇರುತ್ತದೆ. ಎಲ್ ಆಕಾರಕ್ಕೆ ಮೂಲೆ ತಿರುಗಿಸಿ, ಕೆಳಗೆ ಮುಕ್ಕಾಲು ಇಂಚು ಒಳಮಡಿಕೆ ಹಾಕಿಸಿ 180 ಕೊಟ್ಟೆ. ಮಡಿಕೆಯನ್ನು ಒತ್ತಿಸಬೇಡಿ, ತೆರೆದೇ ಇರಲಿ. ಅದರಲ್ಲಿ ನಾಲ್ಕು ಇಂಚಿಗೊಂದು 6 ಎಂಎಂ ತೂತು, ನೀರು ಹೋಗಲಿಕ್ಕೆ. ಮಾರ್ಚ್‌ನಿಂದ ಮೇ ತನಕ ಕೂಲರ್‌ನವರ ಬಳಿ ಹೋಗಲೇಬೇಡಿ, ಮುಖ ಎತ್ತಿ ನೋಡುವುದಿಲ್ಲ. ಜೂನ್ ದಾಟಿದರೆ ಚಹಾ ಕುಡಿಸಿ ಕೆಲಸ ಮಾಡಿಕೊಡುತ್ತಾರೆ.

ಹಳೇ ತಗಡಿನ ಅಂಚನ್ನು 22 ಎಂಎಂ ಅಗಲಕ್ಕೆ, ತೇಪೆಯ ದಪ್ಪದಷ್ಟೇ ಒಳಗೆ ಒತ್ತಿ ಮೆಟ್ಟಿಲು ಮಾಡಬೇಕು. ಆಗ ತೇಪೆ ಹೊರಗಿದ್ದರೂ ಮೇಲ್ಮೈ ಸಮ. ಇದಕ್ಕೆ ಡೆಂಟರ್‌ಗಳ ಹತ್ತಿರ ಒಂದು ಇಕ್ಕಳ ಬರುತ್ತದೆ, ಕೊಳ್ಳಲು ಹೋದರೆ ಸಾವಿರದ ಮೇಲೆ. ನಾನು ಗ್ರಿಪ್ ಪ್ಲೈಯರ್‌ಗೆ ಎರಡು ಪಟ್ಟಿ ತುಂಡು ಕೂರಿಸಿ ಮಾಡಿಕೊಂಡೆ. ಒಂದೇ ಸಲಕ್ಕೆ ಒತ್ತಿದರೆ ತಗಡು ಅಲೆಅಲೆಯಾಗುತ್ತದೆ. ಮೂರು ಸುತ್ತು, ಸ್ವಲ್ಪ ಸ್ವಲ್ಪ.

ತುಕ್ಕಿಗೆ ಫಾಸ್ಫಾರಿಕ್ ಆಸಿಡ್. 85 ಪರ್ಸೆಂಟಿನದನ್ನು ಒಂದು ಪಾಲಿಗೆ ಮೂರು ಪಾಲು ನೀರು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಗ್ಲೌಸ್, ಕನ್ನಡಕ ಇರಲಿ. ವೈರ್ ಬ್ರಶ್ ಹೊಡೆದ ಮೇಲೆ ಹಚ್ಚಿ, ಅರ್ಧ ಗಂಟೆ ಒದ್ದೆಯಾಗಿಟ್ಟು ತಿಕ್ಕಿ ತೊಳೆಯಿರಿ. ಹೀಗೆ ಎರಡು ಸಲ. ಕೊನೆಯ ತೊಳೆತ ಬೋರ್ ನೀರಿನಿಂದ ಬೇಡ, ಬ್ಯಾಟರಿಗೆ ಹಾಕುವ ನೀರು ಐದು ಲೀಟರ್ ತನ್ನಿ. ಇಷ್ಟು ಕಷ್ಟಪಟ್ಟು ಕೊನೆಗೆ ಉಪ್ಪಿನ ನೀರಲ್ಲಿ ತೊಳೆಯುವವರನ್ನು ನೋಡಿದ್ದೇನೆ. ತೊಳೆದ ತಕ್ಷಣ ಬಿಸಿಗಾಳಿ ಹಿಡಿದು ಒಣಗಿಸಿ. ಜಿಐ ತೇಪೆಗೆ ಈ ಆಸಿಡ್ ತಾಗಿಸಬೇಡಿ, ಸತುವು ಹೋಗುತ್ತದೆ.

ಅಂಟಿಸುವ ಪಟ್ಟಿ ಮಾತ್ರ ಬಿಳಿ ಲೋಹ ಕಾಣುವಂತೆ 80 ನಂಬರ್ ಪಾಲಿಶ್ ಪೇಪರ್‌ನಿಂದ ತಿಕ್ಕಿದೆ. ಜಿಐ ಕಡೆ 120, ಹೊಳಪು ಹೋಗುವಷ್ಟೇ. ಥಿನ್ನರ್‌ನಲ್ಲಿ ಎರಡು ಸಲ, ಎರಡು ಬೇರೆ ಬಟ್ಟೆಯಿಂದ ಒರೆಸಿ, ಅದೇ ಹೊತ್ತಿನಲ್ಲಿ ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ಎಪಾಕ್ಸಿ ಅಂಟು. ಎರಡೂ ಕಡೆಗೂ ಹಚ್ಚಬೇಕು. ಚಳಿಗಾಲದಲ್ಲಿ ಒಂದು ಗಂಟೆ ಕೈಗೆ ಬಗ್ಗುವ ಅಂಟು ಏಪ್ರಿಲ್‌ನಲ್ಲಿ ಅರ್ಧ ಗಂಟೆಗೇ ಜೇನಿನಂತೆ ಎಳೆಯತೊಡಗುತ್ತದೆ. ಅದಕ್ಕೇ ತೇಪೆ ಹಿಡಿದಿಡುವ ರಿವೆಟ್‌ಗಳ (ತಗಡು ಜೋಡಿಸುವ ಲೋಹದ ಗುಬುಟು) ತೂತುಗಳನ್ನು ಮೊದಲೇ ಕೊರೆದು, ಒಮ್ಮೆ ಒಣದಾಗಿ ಕೂರಿಸಿ ನೋಡಿರಬೇಕು. ತುಂಬಾ ಬಿಗಿಯಾಗಿ ಒತ್ತಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಎಲ್ಲ ಕಡೆ ಒಂದೇ ದಪ್ಪಕ್ಕೆ ಅಂಟು ನಿಲ್ಲಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ರಿವೆಟ್ 3.2 ಎಂಎಂ, ತೂತು 3.3. ಒಂದೂವರೆ ಇಂಚಿಗೊಂದರಂತೆ ಇಪ್ಪತ್ತೆರಡೋ ಇಪ್ಪತ್ತಮೂರೋ ಆದವು. ಅಲ್ಯೂಮಿನಿಯಂ ರಿವೆಟ್ ಹಾಕಬೇಡಿ. ಹಿಂದಿನ ಬಾಡಿಯಲ್ಲಿ ಎಂಟು ತಿಂಗಳಿಗೆ ತಲೆಗಳು ಬಿಳಿ ಪುಡಿಯಾಗಿದ್ದವು. ದೊಡ್ಡ ಉಕ್ಕಿನ ನಡುವೆ ಸಣ್ಣ ಅಲ್ಯೂಮಿನಿಯಂ ಇಟ್ಟು ಉಪ್ಪು ನೀರು ಹಾಕಿದರೆ ಅದೇ ಕರಗುವುದು. ಸ್ಟೇನ್‌ಲೆಸ್ ರಿವೆಟ್ ತೀನ್ ಕಂದೀಲ್ ಕಡೆ ನಾಲ್ಕು ಹಾರ್ಡ್‌ವೇರ್ ಅಂಗಡಿ ತಿರುಗಿದ ಮೇಲೆ ಸಿಕ್ಕಿತು, ಒಂದಕ್ಕೆ ಐದಾರು ರೂಪಾಯಿ. ಕೈಯಲ್ಲಿ ಒತ್ತಲು ತುಸು ಗಟ್ಟಿ. ರಿವೆಟ್‌ನ ನಡುವಿನ ತೂತಿಗೂ ಅಂಟು ತುಂಬಿ, ಇಲ್ಲವಾದರೆ ಅದೇ ನೀರಿನ ದಾರಿ. ಆಮೇಲೆ ಪೂರಾ ಒಂದು ದಿನ ಮುಟ್ಟಬಾರದು.

ರಿವೆಟ್ ಹಿಡಿದಿಡುವುದು ಅಂಟು ಗಟ್ಟಿಯಾಗುವ ತನಕ, ಆಮೇಲಿನ ಭಾರವೆಲ್ಲ 22 ಎಂಎಂ ಅಗಲದ ಅಂಟಿನ ಪಟ್ಟಿಯದು. ಅದುರಾಟ ಅಷ್ಟಗಲಕ್ಕೆ ಹಂಚಿಹೋಗುತ್ತದೆ. ಹಾಗಂತ ಎಲ್ಲಕ್ಕೂ ಇದೇ ಅಲ್ಲ. ವಾಶ್ ಮೋಟಾರ್ ಕೂರುವ ಬ್ರಾಕೆಟ್ 2 ಎಂಎಂ ಪಟ್ಟಿ, ಅದರ ಒಂದು ಕಿವಿ ಮುರಿದಿತ್ತು. ಅಲ್ಲಿ ವೆಲ್ಡಿಂಗ್ ಮಾಡಿಸಿದೆ, 100 ರೂಪಾಯಿ. ಬೆಲ್ಟ್ ಎಳೆಯುವ ಜಾಗಕ್ಕೆ ಅಂಟು ನಂಬುವವನಲ್ಲ ನಾನು.

ಬ್ರಾಕೆಟ್, ಸ್ಕ್ರೂ, ವಾಷರ್‌ಗಳಿಗೆ ತುಕ್ಕು ಬಿಡಿಸಲು ಕರೆಂಟ್ ಸ್ನಾನ ಮಾಡಿಸಿದೆ. ಹತ್ತು ಲೀಟರ್ ನೀರಿಗೆ 50-60 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಹಳೇ ಚಾರ್ಜರ್. ನೆಗೆಟಿವ್ ತುಕ್ಕಿನ ಸಾಮಾನಿಗೆ, ಪಾಸಿಟಿವ್ ಬೇಡದ ಕಬ್ಬಿಣದ ತುಂಡಿಗೆ. ಈಗಿನ ಆಟೋಮ್ಯಾಟಿಕ್ ಚಾರ್ಜರ್ ಬ್ಯಾಟರಿ ಕಾಣದೆ ಚಾಲೂ ಆಗುವುದೇ ಇಲ್ಲ, ಟ್ರಾನ್ಸ್‌ಫಾರ್ಮರ್‌ನದ್ದೇ ಬೇಕು. ಪಾಸಿಟಿವ್‌ಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಇಡಬೇಡಿ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಗಾಳಿಯಾಡುವ ಜಾಗ ಇರಲಿ, ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ. ಡ್ರೈಯರ್ ಮೋಟಾರ್ ಅಡಿಯ ಸ್ಪ್ರಿಂಗ್ ಮೂರನ್ನೂ ಇದರಲ್ಲೇ ಮುಳುಗಿಸಿ ತಪ್ಪು ಮಾಡಿದೆ. ಗಟ್ಟಿ ಉಕ್ಕು ಹೈಡ್ರೋಜನ್ ಕುಡಿದರೆ ಗಾಜಿನಂತಾಗುತ್ತದೆ. ಎರಡನೇ ವಾರಕ್ಕೆ ಒಂದು ಪಟ್ಟಂತ ಮುರಿಯಿತು. ಸ್ಪ್ರಿಂಗ್‌ಗೆ ಬ್ರಶ್, ಪೇಂಟ್ ಅಷ್ಟೇ.

ಕೆಲಸದ ನಡುವೆ ಬೇರೆ ಆಟಗಳನ್ನೂ ಆಡಿದೆ. ಹುಣಸೆಹುಳಿ ಕಾಲು ಕಿಲೋ ಕಿವುಚಿ ಸ್ಕ್ರೂ ಹಾಕಿಟ್ಟರೆ ಎರಡು ರಾತ್ರಿಗೆ ಚೊಕ್ಕಟ, ಆದರೆ ಇರುವೆ ಬಂದವು. ನಿಂಬೆ ಉಪ್ಪು ಇದಕ್ಕಿಂತ ಅಗ್ಗ, ಬೇಗ. ಕರಿಜಾಲಿ ತೊಗಟೆ ಕುದಿಸಿದ ಕಷಾಯ ತೆಳು ತುಕ್ಕಿನ ಮೇಲೆ ಹಚ್ಚಿದರೆ ನೀಲಿಗಪ್ಪಾಗಿ ತಿರುಗಿ ನಿಲ್ಲುತ್ತದೆ. ಚರ್ಮ ಹದ ಮಾಡುವ ಒಗರೇ ಇಲ್ಲಿಯೂ ಕೆಲಸ ಮಾಡುವುದು. ದಪ್ಪ ತುಕ್ಕಿಗೆ ಮಾತ್ರ ಪ್ರಯೋಜನವಿಲ್ಲ, ಮೇಲೆ ಕಪ್ಪು, ಅಡಿಯಲ್ಲಿ ಕೆಂಪು. ಬಳ್ಳಾರಿಯ ಜೀನ್ಸ್ ವಾಶಿಂಗ್ ಯೂನಿಟ್‌ನವರೊಬ್ಬರು ಅವರ ಡ್ರಮ್‌ಗೂ ಈ ತೇಪೆ ನಡೆಯುತ್ತದಾ ಅಂತ ಕೇಳಿದ್ದರು. ಬ್ಲೀಚ್ ಸುರಿಯುವ ಕಡೆ ನಡೆಯಲ್ಲ, ಅಲ್ಲಿ ಒಳ್ಳೆ ಸ್ಟೇನ್‌ಲೆಸ್ಸೇ ಸೋಲುತ್ತದೆ.

ತುಕ್ಕಿನ ಮೂಲ ನಿಲ್ಲಿಸದಿದ್ದರೆ ಇದೆಲ್ಲ ದಂಡ. ಡ್ರೈಯರ್ ಸೀಲ್ ಹೊಸದು, 150ರ ಒಳಗೆ. ಶಾಫ್ಟ್ ಮೇಲೆ ಹಳೇ ಸೀಲ್ ಸವೆಸಿದ ಗೆರೆ ಇದ್ದರೆ ಹೊಸ ಸೀಲ್ ತಿಂಗಳಿಗೇ ಹರಿಯುತ್ತದೆ. 1000 ನಂಬರ್ ಪೇಪರ್‌ನಿಂದ ನಯಮಾಡಿ, ಸಾಧ್ಯವಿದ್ದರೆ ಸೀಲನ್ನು ಎರಡು ಎಂಎಂ ಮೇಲೆ ಕೂರಿಸಿ. ಸೀಲ್‌ನ ತುಟಿ ಶಾಫ್ಟ್‌ನ ಹೊಸ ಜಾಗದಲ್ಲಿ ಕೂರುತ್ತದೆ.

ಪೇಂಟ್: ಬರೀ ರೆಡ್ ಆಕ್ಸೈಡ್ ಪ್ರೈಮರ್ ನೀರು ತಡೆಯುವುದಿಲ್ಲ. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಒಳಗೆ ಎರಡು ಕೋಟ್, ಹೊರಗೆ ಸಂದಿಗೆ ಪುಟ್ಟಿ, ಮೇಲೆ ಪಿಯು (ಪಾಲಿಯುರಿಥೇನ್) ಪೇಂಟ್. ರಾಯಚೂರಿನ ಬೇಸಿಗೆಯಲ್ಲಿ ಹತ್ತು ಗಂಟೆ ಮೇಲೆ ಸ್ಪ್ರೇ ಹಿಡಿದರೆ ಪೇಂಟ್ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಕೈಗೆ ಉಪ್ಪಿನ ಕಾಗದದಂತೆ ಸಿಗುತ್ತದೆ. ಬೆಳಗ್ಗೆ ಆರರಿಂದ ಎಂಟು, ನಿಧಾನ ಆರುವ ಥಿನ್ನರ್. ಒಳಮಡಿಕೆಗೆ ಮೇಣದಬತ್ತಿ ಮತ್ತು ಎಂಜಿನ್ ಆಯಿಲ್ ಸಮಸಮ ಕರಗಿಸಿ ಹಚ್ಚಿದೆ. ಬೆಂಕಿಯ ಮೇಲೆ ನೇರ ಬೇಡ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಮೊದಲ ಸಲ ಧಾರಾಳವಾಗಿ ಬಳಿದು, ಅದು ಮೇ ಬಿಸಿಲಿಗೆ ಇಳಿದು ಮೋಟಾರ್ ರಬ್ಬರ್‌ಗೆ ತಾಗಿ ಬುಷ್ ಉಬ್ಬಿ 120 ರೂಪಾಯಿ ಹೋಯಿತು. ತೆಳ್ಳಗೆ ಹಚ್ಚಿ.

ಜೋಡಿಸುವಾಗ ಅರ್ಥಿಂಗ್ ಮರೆಯಬೇಡಿ. ಹೊಸ ಪೇಂಟ್ ಕರೆಂಟ್ ಬಿಡುವುದಿಲ್ಲ. ಅರ್ಥ್ ಸ್ಕ್ರೂ ಅಡಿ ರೂಪಾಯಿ ಬಿಲ್ಲೆಯಷ್ಟು ಜಾಗ ಕೆರೆದು, ಹಲ್ಲಿನ ವಾಷರ್ ಹಾಕಿ, ಪ್ಲಗ್‌ನ ದಪ್ಪ ಪಿನ್ನಿಂದ ಬಾಡಿಗೆ ಮೀಟರ್ ಹಿಡಿಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಅಂಟಿನಿಂದ ಕೂತ ತೇಪೆಗೂ ಬೇರೆಯಾಗಿ ಹಿಡಿದು ನೋಡಿ. ನನ್ನದರಲ್ಲಿ ರಿವೆಟ್‌ಗಳ ಮೂಲಕ ಬಂತು, ಆದರೂ ನಂಬಿಕೆ ಸಾಲದೆ ಒಳಗೊಂದು ತುಂಡು ವೈರ್ ಎಳೆದೆ.

ಒಟ್ಟು ಖರ್ಚು ಸೀಲ್ ಸೇರಿ 2,500ರ ಹತ್ತಿರ, ಅದರಲ್ಲಿ ಪೇಂಟ್‌ನದೇ ಅರ್ಧ. ಡೆಂಟರ್ ಹೇಳಿದ ರೇಟು 4,500, ಗ್ಯಾರಂಟಿ ಇಲ್ಲದೆ. ನಡುನಡುವೆ ಒಣಗಲು ಬಿಟ್ಟು ಆರು ದಿನ ಹಿಡಿಯಿತು. ಒದ್ದೆ ಜಮಖಾನ ಬೇಕಂತಲೇ ಒಂದು ಬದಿಗೆ ತುಂಬಿ ಡ್ರೈಯರ್ ಓಡಿಸಿದೆ, ಮಷಿನ್ ನೆಲದ ಮೇಲೆ ಅರ್ಧ ಅಡಿ ನಡೆಯಿತು, ತೇಪೆಯ ಸಂದಿಯಲ್ಲಿ ಕೂದಲೆಳೆಯ ಬಿರುಕೂ ಇಲ್ಲ. ಕಳೆದ ತಿಂಗಳು ಹಿಂದಿನ ಬಲಗಾಲಿನ ಸ್ಕ್ರೂ ಸುತ್ತ ರಾಗಿ ಕಾಳಿನಷ್ಟು ತುಕ್ಕು ಕಂಡಿದೆ. ತೇಪೆಯದಲ್ಲ, ಮೂಲ ತಗಡಿನದು. ಈ ಚಳಿಗಾಲದಲ್ಲಿ ಆ ಮೂಲೆಯನ್ನೂ ಬಿಚ್ಚಬೇಕು.