ಸುಗಂಧಿಯ ಬುಡ ಬಿಡಿಸಲು ನಾನು ದೀಪಾವಳಿವರೆಗೆ ಕಾಯುತ್ತೇನೆ

ನಮ್ಮ ಕಡೆ ಗಿಡ ನೆಡುವುದು ಅಂದರೆ ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದ ಮೇಲೆ. ಆಗ ಯಾರ ಮನೆಗೆ ಹೋದರೂ ಒಂದು ಗೆಲ್ಲೋ (ಕೊಂಬೆ) ಗಡ್ಡೆಯೋ ಕೈಗೆ ಸಿಗುತ್ತದೆ. ತಂದು ಸುಮ್ನೆ ಊರಿದರೂ ಚಿಗುರುತ್ತದೆ. ಅಬ್ಬಲಿಗೆ, ದಾಸವಾಳದ ಗೆಲ್ಲಿಗೆ ಈ ಲೆಕ್ಕ ಸರಿ. ಆದರೆ ಬಿಳಿ ಪರಿಮಳದ ಹೂ ಬಿಡುವ ಸುಗಂಧಿ, ಹೆಲಿಕೋನಿಯಾ, ಕಾಬಾಳೆಯಂಥ (ಕ್ಯಾನಾ) ದಪ್ಪ ಗಡ್ಡೆಯ ಗಿಡಗಳ ಬುಡ ಬಿಡಿಸುವುದಕ್ಕೆ, ಅಂದರೆ ಎತ್ತಿ ತುಂಡು ಮಾಡಿ ನೆಡುವುದಕ್ಕೆ, ನಾನು ದೀಪಾವಳಿವರೆಗೆ ಕೈ ಹಾಕುವುದಿಲ್ಲ.

ಕಾರಣ ಮಳೆಯೇ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಹಿರಿಯಡ್ಕದ ನಮ್ಮ ಹಿತ್ತಲಲ್ಲಿ ಸ್ವಲ್ಪ ಅಗೆದರೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಸಿಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಹೊಂಡದ ನೀರು ಇಳಿಯುವುದೇ ಇಲ್ಲ. ಅಂಥ ಕಡೆ ಹಸಿ ಗಾಯದ ಗಡ್ಡೆ ಇಟ್ಟರೆ ಕೊಳೆಯದೆ ಇನ್ನೇನಾಗುತ್ತದೆ? ದೀಪಾವಳಿ ಹೊತ್ತಿಗೆ ಸುಗಂಧಿಯ ಹೂ ಮುಗಿದಿರುತ್ತದೆ, ಮಣ್ಣು ಇನ್ನೂ ಮೆತ್ತಗಿರುತ್ತದೆ, ಸಂಜೆ ಹೊತ್ತು ಅಪರೂಪಕ್ಕೊಂದು ಗುಡುಗಿನ ಮಳೆಯೂ ಬರುತ್ತದೆ.

ಸುಗಂಧಿಯ ಒಂದು ದಂಟು ಹೂ ಬಿಡುವುದು ಒಂದೇ ಸಲ. ಆಮೇಲೆ ಅದು ಒಣಗುತ್ತದೆ, ಹೊಸ ಮೊಳಕೆ ಪಕ್ಕದಲ್ಲಿ ಏಳುತ್ತದೆ. ಹೀಗೆ ಬುಡ ಹೊರಗೆ ಹೊರಗೆ ಸರಿಯುತ್ತಾ ಹೋಗಿ, ಕೆಲವು ವರ್ಷಗಳಲ್ಲಿ ನಡುವೆ ಬರೀ ಹಳೆ ಗಡ್ಡೆಗಳ ರಾಶಿ ಉಳಿಯುತ್ತದೆ. ಅಂಚಿನಲ್ಲಿ ಮಾತ್ರ ಹೂ, ಅದೂ ಸಣ್ಣದು. ಗೊಬ್ಬರ ಹಾಕಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಬುಡ ಬಿಡಿಸದೆ ಬೇರೆ ದಾರಿಯಿಲ್ಲ.

ಮೊದಲು ದಂಟುಗಳನ್ನು ಗೇಣುದ್ದಕ್ಕೆ ಕಡಿಯುತ್ತೇನೆ. ಬೇರು ಹರಿದಿರುವಾಗ ಅಷ್ಟು ಎಲೆಗೆ ನೀರು ಎಲ್ಲಿಂದ ಬರಬೇಕು? ಆಮೇಲೆ ಸುತ್ತ ಪಿಕ್ಕಾಸು ಹಾಕಿ, ಬುಡವನ್ನು ಇಡಿಯಾಗಿ ಎತ್ತಿ, ಮಣ್ಣು ಕೊಡವಿ, ಗೋಣಿಯ ಮೇಲೆ ಇಡುತ್ತೇನೆ. ಆಗ ಎಲ್ಲ ಕಣ್ಣಿಗೆ ಕಾಣುತ್ತದೆ. ಹಳೆ ಗಡ್ಡೆ ಕಂದು, ಸುಕ್ಕು, ಒತ್ತಿದರೆ ಪೊಳ್ಳು. ಹೊಸದು ಬಿಳಿಚು, ಗಟ್ಟಿ. ತುದಿಯಲ್ಲಿ ಚೂಪಾದ ಮೊಳಕೆ. ಕತ್ತಿ ತಾಗಿದ ಕೂಡಲೇ ಶುಂಠಿಯ ವಾಸನೆ, ಎರಡೂ ಒಂದೇ ಕುಟುಂಬದ ಗಿಡಗಳಲ್ವಾ. ಪ್ರತಿ ತುಂಡಿಗೂ ಎರಡು ಮೂರು ಮೊಳಕೆ ಇರಬೇಕು. ಒಂದೇ ಮೊಳಕೆಯದೂ ಬದುಕುತ್ತದೆ, ಹೂವಿಗೆ ಮಾತ್ರ ಜಾಸ್ತಿ ಕಾಯಬೇಕು.

ಗಾಯಕ್ಕೆ ಒಲೆಯ ಬೂದಿ ಒರೆಸಿ, ಒಂದು ರಾತ್ರಿ ನೆರಳಲ್ಲಿ ಬಿಡುತ್ತೇನೆ. ಮರುದಿನ ಸಂಜೆಗೆ ಕತ್ತರಿಸಿದ ಜಾಗ ಮುಟ್ಟಿದರೆ ಬೆರಳಿಗೆ ಅಂಟಬಾರದು. ಅಂಟಿದರೆ ಇನ್ನೊಂದು ದಿನ.

ಹೊಂಡಕ್ಕೆ ಸುಡುಮಣ್ಣು (ಕಸ-ತರಗೆಲೆ ಜೊತೆ ಸುಟ್ಟ ಮಣ್ಣು), ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಗಡ್ಡೆಯನ್ನು ಅಡ್ಡಕ್ಕೆ ಮಲಗಿಸಿ ಎರಡು ಬೆರಳು ಮಣ್ಣು ಮುಚ್ಚಿದರೆ ಸಾಕು, ಆಳ ಬೇಡ. ಬುಡದಿಂದ ಬುಡಕ್ಕೆ ಎರಡು ಅಡಿ. ಮೇಲೆ ತರಗೆಲೆ ದಪ್ಪಕ್ಕೆ ಹರಡಿ, ಪಡುವಣ ಬಿಸಿಲಿಗೆ ಒಂದು ತೆಂಗಿನ ಮಡಲು ಅಡ್ಡ ಇಡುತ್ತೇನೆ. ಈ ಲೆಕ್ಕದಲ್ಲಿ ಒಂದು ಕಷ್ಟವಿದೆ: ಮಳೆ ಬರುವವರೆಗೆ ನೀರು ಕೊಡಲೇಬೇಕು. ಬೇಸಗೆಯಲ್ಲಿ ಬಾವಿ ಬತ್ತುವ ಮನೆಯವರು ಪಾತ್ರೆ ತೊಳೆದ ನೀರನ್ನು ಆ ಕಡೆ ತಿರುಗಿಸಿದರೆ ಒಳ್ಳೆಯದು.

ಹೆಲಿಕೋನಿಯಾಕ್ಕೂ ಇದೇ ಕ್ರಮ. ಬುಡ ಬಹಳ ಬಿಗಿ, ಹಾರೆಕೋಲು ಬೇಕಾಗುತ್ತದೆ.

ಮಜ್ಜಿಗೆ ಹುಲ್ಲಿಗೆ ಇಷ್ಟೆಲ್ಲ ಉಪಚಾರ ಬೇಡ. ಅದರದು ನಾರು ಬೇರು, ಮಳೆ ಶುರುವಾಗುವಾಗ ಕೈಯಲ್ಲೇ ಸೀಳಿ ನೆಡಬಹುದು. ಬೇವಿನ ಸೊಪ್ಪಿನ, ಅಂದರೆ ಕರಿಬೇವಿನ, ಮರಿಯ ರೀತಿ ಬೇರೆ. ತಾಯಿಮರಕ್ಕೂ ಮರಿಗೂ ನಡುವಿನ ಬೇರನ್ನು ಮೊದಲು ಕಡಿದು, ಮರಿಯನ್ನು ಕೆಲವು ವಾರ ಅಲ್ಲೇ ಬಿಡಬೇಕು. ಅದು ತನ್ನದೇ ಬೇರು ಬಿಟ್ಟು ಹೊಸ ಎಲೆ ಹಾಕಿದ ಮೇಲೆ ಮಣ್ಣಿನ ಉಂಡೆ ಸಮೇತ ಎತ್ತಬೇಕು. ಕಡಿದ ದಿನವೇ ಎತ್ತಿದರೆ ಬಾಡುವುದೇ ಹೆಚ್ಚು.

ಬುಡ ಬಿಡಿಸಿದಾಗ ಗಡ್ಡೆ ಮಿಕ್ಕುತ್ತದೆ. ಒಳ್ಳೆಯದನ್ನು ನೆರೆಯವರಿಗೆ ಕೊಡುತ್ತೇನೆ. ಪೊಳ್ಳಾದದ್ದನ್ನು ಬಿಸಿಲಿಗೆ ಹಾಕಿ, ಪೂರ್ತಿ ಒಣಗಿಸಿ ಸುಡುಮಣ್ಣಿನ ರಾಶಿಗೆ ಸೇರಿಸುತ್ತೇನೆ. ತೋಡಿಗೆ (ಸಣ್ಣ ಹಳ್ಳಕ್ಕೆ) ಎಸೆಯುವುದಿಲ್ಲ. ಸುಗಂಧಿಯ ಸಣ್ಣ ತುಂಡೂ ನೀರಿನ ಜೊತೆ ಹೋಗಿ ಕೆಳಗಿನವರ ದಂಡೆಯಲ್ಲಿ ಬೇರೂರುತ್ತದೆ. ಒಮ್ಮೆ ಹಬ್ಬಿದರೆ ಕಿತ್ತು ಮುಗಿಸುವುದು ಸುಲಭವಲ್ಲ.